ಬಾವಿಯ ಪಂಪು ಕೈಕೊಟ್ಟಾಗ: ಮೋಟಾರು ಬಿಚ್ಚುವ ಮೊದಲು ನೋಡಬೇಕಾದದ್ದು

ಏಪ್ರಿಲ್ ಕಳೆಯುವ ಹೊತ್ತಿಗೆ ಕರಾವಳಿ, ಮಲೆನಾಡಿನ ಪೇಟೆಗಳಲ್ಲಿ ಮೋಟಾರಿನ ಸುಟ್ಟ ತಂತಿಸುರುಳಿಯನ್ನು (ವೈಂಡಿಂಗ್) ಹೊಸದಾಗಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿಗಳ ಮುಂದೆ ಪಂಪುಗಳು ಸಾಲುಗಟ್ಟುತ್ತವೆ. ಬಿಚ್ಚಿ ನೋಡಿದರೆ ಅವುಗಳಲ್ಲಿ ಎಷ್ಟೋ ಗಟ್ಟಿಮುಟ್ಟಾಗಿಯೇ ಇರುತ್ತವೆ. ದೋಷ ಇರುವುದು ಬಾವಿಯೊಳಗಿನ ಪೈಪಿನಲ್ಲಿ, ಆ ಪೈಪಿನ ತುದಿಯಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಫುಟ್‌ವಾಲ್ವಿನಲ್ಲಿ, ಕರೆಂಟಿನಲ್ಲಿ, ಇಲ್ಲವೇ ಪಂಪು ಕೊಂಡ ದಿನ ಯಾರೂ ತೆಗೆದುಕೊಳ್ಳದೆ ಬಿಟ್ಟ ಒಂದು ಅಳತೆಯಲ್ಲಿ. ಕಡುಬೇಸಗೆಯಲ್ಲಿ ಪಂಪಿನಿಂದ ನೀರಿನ ಮಟ್ಟಕ್ಕೆ ಎಷ್ಟು ಆಳ ಎಂಬುದೇ ಆ ಅಳತೆ.

ಮನೆಯ ತೆರೆದ ಬಾವಿಗೆ ಹಾಕುವ, ಅರ್ಧದಿಂದ ಒಂದೂವರೆ ಎಚ್‌ಪಿಯ, ಸಿಂಗಲ್ ಫೇಸ್ ಪಂಪುಗಳಿಗೆ ಮಾತ್ರ ಈ ಬರಹ ಸಂಬಂಧಿಸಿದೆ. ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆ: ದಡದ ಮೇಲೆ ಕೂತು ನೀರನ್ನು ಎಳೆಯುವ ಮೊನೊಬ್ಲಾಕ್, ಮತ್ತು ನೀರಿನೊಳಗೇ ಮುಳುಗಿ ಮೇಲಕ್ಕೆ ತಳ್ಳುವ ಓಪನ್‌ವೆಲ್ ಸಬ್‌ಮರ್ಸಿಬಲ್. ಕೊಳವೆಬಾವಿಯ ಪಂಪನ್ನು ಮೇಲೆತ್ತಲು ಬೇರೆಯೇ ಸಲಕರಣೆ, ಬೇರೆಯೇ ಜನ ಬೇಕು. ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಕೈ ಹಾಕುವ ಮೊದಲು ಒಂದು ಮಾತು. ಸ್ಟಾರ್ಟರಿನ ಕೆಂಪು ಬಟನ್ ಒತ್ತಿದರೆ ಸಾಲದು. ಮೇನ್ ಬೋರ್ಡಿನಲ್ಲಿ ಪಂಪಿನ ಎಂಸಿಬಿಯನ್ನೇ (ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಕೆಳಗಿಳಿಸಿ. ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ತಂತಿಗೆ ಕೂತಿರುವುದುಂಟು. ಆಗ ಸ್ವಿಚ್ ಆಫ್ ಆಗಿದ್ದರೂ ಮೋಟಾರಿನ ತುದಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಟೆಸ್ಟರ್ ಹಚ್ಚಿ ನೋಡಿ, ಮನೆಯವರಿಗೆ ಹೇಳಿ, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಮುಂದುವರಿಯಿರಿ.

ಮೋಟಾರು ಚೆನ್ನಾಗಿ ತಿರುಗುತ್ತದೆ, ನೀರು ಮಾತ್ರ ಬರುವುದಿಲ್ಲ

ದಡದ ಪಂಪುಗಳಲ್ಲಿ ಅತಿ ಹೆಚ್ಚು ಕಾಣುವ ದೂರು ಇದು. ಮೊದಲು ಪಂಪನ್ನು ನಿಲ್ಲಿಸಿ. ನೀರಿಲ್ಲದೆ ತಿರುಗಿದರೆ, ತಿರುಗುವ ದಂಡದ ಸುತ್ತ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಕೆಲವೇ ನಿಮಿಷಗಳಲ್ಲಿ ಕಾಯ್ದು ಬಿರುಕು ಬಿಡುತ್ತದೆ. ಆಮೇಲೆ ಸಣ್ಣ ದೋಷ ದೊಡ್ಡದಾಗುತ್ತದೆ.

ಇನ್ನು ಬಾವಿಗೆ ಇಣುಕಿ ನೋಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಪಂಪು ಕೂತ ಮಟ್ಟದಿಂದ ನೀರಿನ ಮೇಲ್ಮೈವರೆಗಿನ ಆಳವನ್ನು ಟೇಪಿನಲ್ಲಿ ಅಳೆಯಿರಿ. ಇದಕ್ಕೆ ಖರ್ಚಿಲ್ಲ, ಆದರೂ ಹೆಚ್ಚಿನವರು ಮಾಡದೆ ಬಿಡುವ ಪರೀಕ್ಷೆ ಇದೇ. ದಡದ ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜಕ್ಕೂ ಪಂಪು ಪೈಪಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಹೊರಗಿನ ವಾತಾವರಣ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಹೊರಬಲ್ಲದ್ದು 10.3 ಮೀಟರ್ ಎತ್ತರದ ನೀರಿನ ಕಂಬವನ್ನು. ಪೈಪಿನ ಘರ್ಷಣೆ, ಫುಟ್‌ವಾಲ್ವಿನ ತಡೆ, ಪಂಪಿನ ಸ್ವಂತ ಅಗತ್ಯ ಎಲ್ಲ ಕಳೆದರೆ ಕೈಗೆ ಸಿಗುವುದು 6ರಿಂದ 7 ಮೀಟರ್, ಎಂದರೆ 20–22 ಅಡಿ. ಎತ್ತರದ ಊರುಗಳಲ್ಲಿ ಅದೂ ಇಲ್ಲ. ಮಡಿಕೇರಿಯಲ್ಲಿ ಮಂಗಳೂರಿಗಿಂತ ಒಂದು ಮೀಟರಿಗೂ ಹೆಚ್ಚು ಕಡಿಮೆ ಸಿಗುತ್ತದೆ. ಎಚ್‌ಪಿ ಹೆಚ್ಚಿಸಿದರೆ ಈ ಮಿತಿ ಕದಲುವುದಿಲ್ಲ. ಐದು ಎಚ್‌ಪಿಯ ಮೋಟಾರು ತಂದು ದಡದಲ್ಲಿ ಕೂರಿಸಿದರೂ 30 ಅಡಿ ಕೆಳಗಿನ ನೀರು ಮೇಲೆ ಬರುವುದಿಲ್ಲ.

ಅಳತೆ 22 ಅಡಿ ದಾಟಿದ್ದರೆ ದೋಷ ಸಿಕ್ಕಿತು ಎನ್ನಿ. ಪಂಪನ್ನು ಬಾವಿಯ ಒಳಗಿನ ಮೆಟ್ಟಿಲಿಗೆ ಇಳಿಸುವುದು ಹಳೆಯ ಪರಿಹಾರ. ಆಷಾಢದಲ್ಲಿ ನೀರು ಮೇಲೇರಿ ಮೋಟಾರನ್ನೇ ಮುಳುಗಿಸುವುದರಿಂದ ಅದು ನನಗೆ ಒಪ್ಪಿಗೆಯಿಲ್ಲ. ಒಂದು ಪೈಪಿನಿಂದ ನೀರನ್ನು ಕೆಳಗೆ ಚಿಮ್ಮಿಸಿ ಇನ್ನೊಂದರಿಂದ ಮೇಲೆತ್ತುವ ಎರಡು ಪೈಪುಗಳ ಜೆಟ್ ಪಂಪು, ಅಥವಾ ಸಬ್‌ಮರ್ಸಿಬಲ್, ಸರಿಯಾದ ದಾರಿ.

ನೀರು ಹತ್ತಿರದಲ್ಲೇ ಇದ್ದರೆ ಪಂಪಿನ ಮೇಲಿನ ಪ್ಲಗ್ ಬಿಚ್ಚಿ, ನೀರು ಸುರಿದು ತುಂಬಿಸಿ ಕಾಯಿರಿ. ತುಂಬಿದ ನೀರು ಹಾಗೆಯೇ ನಿಂತರೆ ಫುಟ್‌ವಾಲ್ವ್ ಸರಿಯಿದೆ. ನೋಡುನೋಡುತ್ತಿದ್ದಂತೆ ಮಟ್ಟ ಇಳಿದರೆ ಫುಟ್‌ವಾಲ್ವ್ ಸೋರುತ್ತಿದೆ. ಎಷ್ಟು ಕೊಡ ಸುರಿದರೂ ತುಂಬದೇ ಇದ್ದರೆ ವಾಲ್ವಿನ ಬಾಯಲ್ಲಿ ಕಸ ಸಿಕ್ಕಿಕೊಂಡು ತೆರೆದೇ ಇದೆ ಎಂದರ್ಥ, ಅಥವಾ ಪೈಪು ಎಲ್ಲೋ ಒಡೆದಿದೆ. ಅಡಿಕೆಯ ಸಿಪ್ಪೆ, ಮಾವಿನೆಲೆಯ ದಂಟು, ಪ್ಲಾಸ್ಟಿಕ್ ಚೂರು, ಒಮ್ಮೊಮ್ಮೆ ಕಪ್ಪೆ ಅಲ್ಲಿ ಸಿಗುತ್ತವೆ. ಪೈಪನ್ನು ಹಗ್ಗ ಕಟ್ಟಿ ಮೇಲೆಳೆದು, ಜಾಲರಿ ಬಿಚ್ಚಿ, ಒಳಗಿನ ಚರ್ಮದ ಅಥವಾ ರಬ್ಬರಿನ ಬಿಲ್ಲೆಯನ್ನು ಬೆರಳಿನಿಂದ ಸವರಿ ನೋಡಿ. ಅಂಚು ಸವೆದು ಗರಗಸದಂತಾಗಿದ್ದರೆ ಬಿಲ್ಲೆ ಬದಲಿಸಿ. ಹಿತ್ತಾಳೆಯ ವಾಲ್ವಾಗಿದ್ದರೆ ಬಿಲ್ಲೆಯೊಂದೇ ಸಾಕು. ಪ್ಲಾಸ್ಟಿಕ್ಕಿನದಾದರೆ ಪೂರ್ತಿ ಹೊಸದನ್ನೇ ಹಾಕುವುದು ಲೇಸು.

ಇದಕ್ಕಾಗಿ ಬಾವಿಗೆ ಇಳಿಯಬೇಡಿ. ಬೇಸಗೆಯಲ್ಲಿ ಬತ್ತಿದ ಆಳದ ಬಾವಿಯ ತಳದಲ್ಲಿ ಆಮ್ಲಜನಕ ಕಡಿಮೆಯಿರಬಹುದು, ಕೊಳೆತ ಎಲೆಯಿಂದ ಹುಟ್ಟಿದ ಅನಿಲ ತುಂಬಿರಬಹುದು. ಮೂಗಿಗೆ ವಾಸನೆ ಬಾರದೆಯೇ ಮನುಷ್ಯ ಎಚ್ಚರ ತಪ್ಪಿ ಬೀಳುತ್ತಾನೆ, ಅವನನ್ನು ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ. ದೀಪ ಇಳಿಬಿಟ್ಟು ನೋಡುವ ಪದ್ಧತಿಯನ್ನು ನಂಬಿ ಕೂರಬೇಡಿ: ಮನುಷ್ಯನನ್ನು ಕೊಲ್ಲುವ ಗಾಳಿಯಲ್ಲೂ ದೀಪ ಉರಿಯಬಹುದು. ಇಳಿಯಲೇಬೇಕಾದರೆ ಬಾವಿ ಕೆಲಸದವರನ್ನು ಕರೆಯಿರಿ. ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇರಲೇಬೇಕು. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನನ್ನು ಬಾವಿಯೊಳಗೆ ಇಳಿಸಿ ಓಡಿಸುವುದಂತೂ ಎಂದಿಗೂ ಬೇಡ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.

ನೀರು ಬರುತ್ತದೆ, ಸ್ವಲ್ಪ ಹೊತ್ತಿಗೆ ಉಗುಳಿ ಉಗುಳಿ ನಿಲ್ಲುತ್ತದೆ

ಟ್ಯಾಂಕಿನ ಬಾಯಿಗೆ ಕಿವಿಗೊಡಿ. ನೀರಿನ ಜೊತೆ ಬುಸುಬುಸು ಗಾಳಿ ಬರುತ್ತಿದ್ದರೆ, ಬಕೆಟ್ಟಿಗೆ ಬಿದ್ದ ನೀರು ಹಾಲಿನಂತೆ ಬೆಳ್ಳಗಾಗಿ ಮತ್ತೆ ತಿಳಿಯಾಗುತ್ತಿದ್ದರೆ, ಪಂಪು ಎಲ್ಲೋ ಗಾಳಿ ಎಳೆಯುತ್ತಿದೆ. ಮುಖ್ಯವಾಗಿ ಎರಡು ಸಾಧ್ಯತೆಗಳು: ಬಾವಿಯ ಮಟ್ಟ ಇಳಿದು ಫುಟ್‌ವಾಲ್ವಿನ ಬಾಯಿ ಬಯಲಾಗಿದೆ, ಅಥವಾ ಎಳೆಯುವ ಕಡೆಯ ಪೈಪಿನಲ್ಲಿ ರಂಧ್ರವಿದೆ.

ಮೊದಲನೆಯದನ್ನು ಕಣ್ಣಿನಿಂದಲೇ ನೋಡಬಹುದು. ಪಂಪು ಓಡುವಾಗ ಬಾವಿಗೆ ಟಾರ್ಚ್ ಹಾಕಿ, ಕಲ್ಲಿನ ಗೋಡೆಯ ಗುರುತನ್ನು ಇಟ್ಟುಕೊಂಡು ನೀರು ಎಷ್ಟು ಇಳಿಯಿತೆಂದು ಗಮನಿಸಿ. ಎರಡು ಮೀಟರ್ ಅಗಲದ ಬಾವಿಯಲ್ಲಿ ಒಂದು ಅಡಿ ನೀರು ಎಂದರೆ ಸುಮಾರು 950 ಲೀಟರ್. ಸಾವಿರ ಲೀಟರಿನ ಟ್ಯಾಂಕು ತುಂಬುವಷ್ಟರಲ್ಲಿ ಮಟ್ಟ ಒಂದಡಿಯಷ್ಟೇ ಇಳಿದಿದ್ದರೆ ಒರತೆಯಿಂದ ಏನೂ ಬರುತ್ತಿಲ್ಲ. ಅರ್ಧ ಅಡಿ ಇಳಿದಿದ್ದರೆ ಉಳಿದರ್ಧವನ್ನು ಒರತೆ ಕೊಟ್ಟಿದೆ. ಒರತೆ ಸಾಲದೆಂದಾದರೆ ಪಂಪಿನ ಚಿಕಿತ್ಸೆ ವ್ಯರ್ಥ. ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎತ್ತಿ ಕಾಲ ಹಾಕಬೇಕು.

ಮಟ್ಟ ಸರಿಯಿದ್ದರೆ ಎರಡನೆಯದನ್ನು ಹುಡುಕಿ. ಎಳೆಯುವ ಕಡೆಯ ರಂಧ್ರದಿಂದ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಒದ್ದೆಯ ಗುರುತಿಗಾಗಿ ಹುಡುಕಿದರೆ ಸಿಗದು. ಪಂಪು ಓಡುತ್ತಿರುವಾಗ ಸೋಪಿನ ದಪ್ಪ ನೊರೆಯನ್ನು ಒಂದೊಂದು ಕೀಲಿಗೂ, ಬೆಂಡಿಗೂ, ಯೂನಿಯನ್ನಿಗೂ (ಪೈಪು ಕತ್ತರಿಸದೆ ಬಿಚ್ಚಬಹುದಾದ ಜೋಡಣೆ) ಹಚ್ಚಿ. ನೊರೆ ಒಳಕ್ಕೆ ಹೀರಿಕೊಂಡು ಹೋದ ಜಾಗವೇ ದೋಷದ ಜಾಗ. ವೈರಿಂಗ್ ಇರುವ ಕಡೆಗೆ ನೊರೆ ತಾಗದಿರಲಿ. ಪಿವಿಸಿ ಕೀಲಾದರೆ ಆ ತುಂಡನ್ನು ಕತ್ತರಿಸಿ ಹೊಸದಾಗಿ ಸಾಲ್ವೆಂಟ್ ಹಚ್ಚಿ ಜೋಡಿಸಿ. ಮೇಲಿನಿಂದ ಅಂಟು ಮೆತ್ತಿದ್ದು ಹೆಚ್ಚು ದಿನ ಬಾಳುವುದಿಲ್ಲ. ತಿರುಪಿನ ಕೀಲಾದರೆ ಸೆಣಬು ಅಥವಾ ಟೆಫ್ಲಾನ್ ಟೇಪು ಸುತ್ತಿ.

ಪಂಪಿನ ದಂಡದ (ಶಾಫ್ಟ್) ಸುತ್ತ ಗ್ಲ್ಯಾಂಡ್, ಎಂದರೆ ಸೋರಿಕೆ ತಡೆಯಲು ಹಗ್ಗದಂಥ ಪ್ಯಾಕಿಂಗನ್ನು ನಟ್ಟಿನಿಂದ ಒತ್ತಿ ಹಿಡಿಯುವ ಭಾಗ, ಇರುವ ಹಳೆಯ ಮಾದರಿಯಲ್ಲಿ ಅಲ್ಲಿಂದಲೂ ಗಾಳಿ ಹೋಗುತ್ತದೆ. ಗ್ಲ್ಯಾಂಡಿನಿಂದ ಹನಿ ಹನಿ ನೀರು ತೊಟ್ಟಿಕ್ಕುತ್ತಿರಬೇಕು, ಅದು ದೋಷವಲ್ಲ. ಆ ತೊಟ್ಟಿಕ್ಕುವಿಕೆ ಸಹಿಸದೆ ನಟ್ಟುಗಳನ್ನು ಬಿಗಿಬಿಗಿ ತಿರುಗಿಸುವವರು ದಂಡಕ್ಕೇ ಗೆರೆ ಬೀಳಿಸುತ್ತಾರೆ.

ಇನ್ನೊಂದು ಕಾರಣ ಪ್ಲಂಬಿಂಗ್ ಮಾಡಿದ ದಿನದ್ದು. ಬಾವಿಯಿಂದ ಪಂಪಿಗೆ ಬರುವ ಅಡ್ಡ ಪೈಪು ಪಂಪಿನ ಕಡೆಗೆ ಏರುತ್ತಲೇ ಇರಬೇಕು. ಬಾವಿಕಟ್ಟೆಯನ್ನು ಹತ್ತಿಸಿ ಇಳಿಸಿ ತಂದಿದ್ದರೆ ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಂಡು ಕೂರುತ್ತದೆ. ಕಟ್ಟೆಗೆ ತೂತು ಕೊರೆದು ಪೈಪನ್ನು ನೇರ ತರುವುದಕ್ಕೆ ಅರ್ಧ ದಿನದ ಕೆಲಸ, ಮಾಡಿಸಿಬಿಡಿ.

ಮೋಟಾರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ

ತಕ್ಷಣ ಆಫ್ ಮಾಡಿ. ನಿಂತ ಮೋಟಾರು ಮಾಮೂಲಿಗಿಂತ ನಾಲ್ಕಾರು ಪಟ್ಟು ಕರೆಂಟು ಎಳೆಯುತ್ತದೆ, ವೈಂಡಿಂಗ್ ಸುಡಲು ಹೆಚ್ಚು ಹೊತ್ತು ಬೇಡ.

ಎಂಸಿಬಿ ಇಳಿಸಿ, ಹಿಂಬದಿಯ ಫ್ಯಾನಿನ ಮುಚ್ಚಳ ತೆಗೆದು, ದಂಡವನ್ನು ಕೈಯಿಂದ ತಿರುಗಿಸಿ. ಜಗ್ಗದಿದ್ದರೆ ನೀರನ್ನು ದೂಡುವ ರೆಕ್ಕೆಚಕ್ರದಲ್ಲಿ (ಇಂಪೆಲ್ಲರ್) ಕಲ್ಲು ಸಿಕ್ಕಿದೆ, ಇಲ್ಲವೇ ಕೆಲವು ತಿಂಗಳು ಓಡಿಸದೆ ಬಿಟ್ಟದ್ದರಿಂದ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಎರಡನೆಯದಾದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಒಂದು ರಾತ್ರಿ ಬಿಟ್ಟು, ಅತ್ತಿತ್ತ ಅಲುಗಿಸಿದರೆ ಬಿಟ್ಟುಕೊಳ್ಳುತ್ತದೆ. ಸುತ್ತಿಗೆ ಬೇಡ.

ದಂಡ ಹಗುರಾಗಿ ತಿರುಗಿದರೆ ಅನುಮಾನ ಕೆಪಾಸಿಟರಿನ ಮೇಲೆ. ಸಿಂಗಲ್ ಫೇಸ್ ಮೋಟಾರು ತಾನಾಗಿ ಹೊರಡಲಾರದು, ಅದಕ್ಕೆ ಮೊದಲ ತಳ್ಳು ಕೊಡುವುದೇ ಕೆಪಾಸಿಟರ್. ಅದರ ಹೊಟ್ಟೆ ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ ಬೇರೆ ಪರೀಕ್ಷೆ ಬೇಡ. ಉಬ್ಬಿಲ್ಲದಿದ್ದರೂ ಒಳಗೆ ಸೊರಗಿರಬಹುದು. ಕೆಪಾಸಿಟರ್ ಅಳೆಯುವ ಮಲ್ಟಿಮೀಟರಿನಲ್ಲಿ ನೋಡಿದರೆ ಮೇಲೆ ಬರೆದ ಮೈಕ್ರೋಫ್ಯಾರಡ್‌ಗಿಂತ ಬಹಳ ಕಡಿಮೆ ತೋರಿಸುತ್ತದೆ. ಮುಟ್ಟುವ ಮೊದಲು ಅದರ ಎರಡು ತುದಿಗಳನ್ನು ಹೋಲ್ಡರಿಗೆ ಹಾಕಿದ ಹಳೆಯ ಬಲ್ಬಿನ ಎರಡು ತಂತಿಗಳಿಗೆ ತಾಗಿಸಿ ಚಾರ್ಜ್ ಇಳಿಸಿ. ಕರೆಂಟು ತೆಗೆದ ಮೇಲೂ ಅದು ಹೊಡೆಯುತ್ತದೆ. ಹೊಸದು ಅದೇ ಮೈಕ್ರೋಫ್ಯಾರಡಿನದ್ದು, 440 ವೋಲ್ಟಿನದ್ದು ಇರಲಿ. ಹೆಚ್ಚು ಮೈಕ್ರೋಫ್ಯಾರಡ್ ಹಾಕಿದರೆ ಜೋರು ಬರುತ್ತದೆಂದು ಅಂಗಡಿಯವರು ಹೇಳಿದರೆ ಕೇಳಬೇಡಿ, ವೈಂಡಿಂಗ್ ಬಿಸಿಯಾಗುವುದೊಂದೇ ಲಾಭ.

ಕೆಪಾಸಿಟರ್ ಬದಲಿಸಿದರೂ ಸಂಜೆ ಏಳರ ಹೊತ್ತಿಗೆ ಮಾತ್ರ ಗುಂಯ್‌ಗುಟ್ಟಿದರೆ ವೋಲ್ಟೇಜು ಕಡಿಮೆ. ಮೀಟರ್ ಬೋರ್ಡಿನಲ್ಲಿ ಒಮ್ಮೆ, ಪಂಪಿನ ತುದಿಯಲ್ಲಿ ಒಮ್ಮೆ ಅಳೆಯಿರಿ. ಕರೆಂಟು ಇರುವ ಜಾಗದಲ್ಲಿ ಅಳೆಯಲು ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ನನ್ನೇ ಕರೆಯಲಿ. ಎರಡೂ ಕಡೆ 180ರ ಆಸುಪಾಸಿದ್ದರೆ ಹೊರಗಿನ ಲೈನಿನದ್ದು. ಬೋರ್ಡಿನಲ್ಲಿ 220 ಇದ್ದು ಪಂಪು ಓಡುವಾಗ ತುದಿಯಲ್ಲಿ ಬಿದ್ದುಹೋದರೆ ನಿಮ್ಮ ವೈರಿನದ್ದೇ. ಬಾವಿ ಮನೆಯಿಂದ 60 ಮೀಟರ್ ದೂರವಿದ್ದು, ಹಾಕಿದ ತಾಮ್ರದ ವೈರು 1.5 ಚದರ ಮಿಲಿಮೀಟರಿನದ್ದಾಗಿದ್ದರೆ, 7 ಆಂಪಿಯರ್ ಎಳೆಯುವ ಒಂದು ಎಚ್‌ಪಿ ಪಂಪಿಗೆ 10 ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತದೆ. ಹೊರಡುವ ಕ್ಷಣದಲ್ಲಿ ಕರೆಂಟು ನಾಲ್ಕಾರು ಪಟ್ಟು ಏರುವುದರಿಂದ ಈ ನಷ್ಟ 40–60 ವೋಲ್ಟ್ ಆಗುತ್ತದೆ. 4 ಚದರ ಮಿಲಿಮೀಟರಿನ ವೈರು ಎಳೆದರೆ ಹತ್ತು ವೋಲ್ಟಿನ ಜಾಗದಲ್ಲಿ ನಾಲ್ಕಕ್ಕಿಂತ ಕಡಿಮೆ ಹೋಗುತ್ತದೆ.

ಸ್ವಿಚ್ ಹಾಕಿದರೆ ಸದ್ದೇ ಇಲ್ಲ

ಫ್ಯೂಸು, ಎಂಸಿಬಿ, ಸ್ಟಾರ್ಟರಿನ ಓವರ್‌ಲೋಡ್ ಬಟನ್ ಈ ಮೂರನ್ನು ನೋಡಿ. ಆಮೇಲೆ ಸ್ಟಾರ್ಟರ್ ಪೆಟ್ಟಿಗೆ ತೆರೆಯಿರಿ. ಬಾವಿಕಟ್ಟೆಯ ಪೆಟ್ಟಿಗೆಗಳಲ್ಲಿ ಇರುವೆ ಗೂಡು ಕಟ್ಟಿ, ಸಂಪರ್ಕದ ಎರಡು ಬಿಲ್ಲೆಗಳ ನಡುವೆ ಸತ್ತ ಇರುವೆಗಳ ಕರಕಲು ಪದರ ಕೂತಿರುವುದು ನಮ್ಮಲ್ಲಿ ತೀರ ಸಾಮಾನ್ಯ, ಹಲ್ಲಿಯೂ ಸಿಗುತ್ತದೆ. ಎಂಸಿಬಿ ಇಳಿಸಿ, ಒಣ ಬ್ರಷ್ಷಿನಿಂದ ಗುಡಿಸಿ, ವೈರು ಬರುವ ತೂತನ್ನು ಮುಚ್ಚಿ. ಫ್ಲೋಟ್ ಸ್ವಿಚ್ ಇದ್ದರೆ ಟ್ಯಾಂಕಿನಲ್ಲಿ ಅದು ಗೋಡೆಗೆ ಸಿಕ್ಕಿಕೊಂಡು ತುಂಬಿದೆ ಎಂದು ಸುಳ್ಳು ಹೇಳುತ್ತಿರಬಹುದು.

ಎಂಸಿಬಿ ಮೇಲೆತ್ತಿದ ತಕ್ಷಣ ಮತ್ತೆ ಬಿದ್ದರೆ ಮೂರನೆಯ ಸಲ ಎತ್ತಬೇಡಿ. ವೈರು ಅಥವಾ ವೈಂಡಿಂಗ್ ಎಲ್ಲೋ ತಾಗಿದೆ. ಇನ್ಸುಲೇಷನ್ ಅಳೆಯುವ ಮೀಟರ್ (ಮೆಗ್ಗರ್) ಇರುವ ಎಲೆಕ್ಟ್ರಿಷಿಯನ್ ನೋಡಬೇಕು. ಇನ್ಸುಲೇಷನ್ ಒಂದು ಮೆಗಾ ಓಮ್‌ಗಿಂತ ಕೆಳಗಿದ್ದರೆ ಆ ಪಂಪನ್ನು ಓಡಿಸುವಂತಿಲ್ಲ.

ಪೈಪು ಅಥವಾ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ

ಇಲ್ಲಿ ಪರೀಕ್ಷೆಯ ಮಾತೇ ಇಲ್ಲ. ಮೇನ್ ಇಳಿಸಿ, ಬಾವಿಯಿಂದ ಯಾರೂ ನೀರು ಸೇದದಂತೆ ನೋಡಿಕೊಂಡು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಸಬ್‌ಮರ್ಸಿಬಲ್ಲಿನ ಕೇಬಲ್ ಜೋಡಣೆಯೊಳಗೆ ನೀರು ಹೋಗಿದ್ದರೆ ಇಡೀ ಬಾವಿಯ ನೀರಿನಲ್ಲೇ ಕರೆಂಟು ಇರಬಹುದು. ಅರ್ತಿಂಗ್ ಸರಿಯಿದ್ದು, ಕರೆಂಟು ಸೋರಿದರೆ ತಾನಾಗಿ ಬೀಳುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿದ್ದರೆ ಜುಮ್ಮೆನ್ನುವ ಮೊದಲೇ ಅದು ಬಿದ್ದಿರುತ್ತಿತ್ತು. ಅದು ಪದೇ ಪದೇ ಬೀಳುತ್ತದೆಂದು ಕಿತ್ತು ನೇರ ಜೋಡಿಸುವವರಿದ್ದಾರೆ. ಅಂಥ ಕೆಲಸಗಾರರನ್ನು ಎರಡನೆಯ ಸಲ ಮನೆಗೆ ಕರೆಯಬಾರದು.

ಟ್ಯಾಂಕು ತುಂಬಲು ಮೊದಲಿಗಿಂತ ಹೆಚ್ಚು ಹೊತ್ತು

20 ಲೀಟರಿನ ಬಕೆಟ್ಟು, ಮೊಬೈಲಿನ ಗಡಿಯಾರ ಸಾಕು. ಟ್ಯಾಂಕಿನ ಬಾಯಲ್ಲಿ ಬಕೆಟ್ಟು 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 1800 ಲೀಟರ್. ಸಾವಿರ ಲೀಟರಿನ ಟ್ಯಾಂಕು 35 ನಿಮಿಷದೊಳಗೆ ತುಂಬುತ್ತದೆ. ಬಕೆಟ್ಟು ತುಂಬಲು ಒಂದೂವರೆ ನಿಮಿಷ ಹಿಡಿದರೆ ಏನೋ ಕೆಟ್ಟಿದೆ. ಬೇಸಗೆಯಲ್ಲಿ ಬಾವಿಯ ಮಟ್ಟ ಇಳಿದಂತೆ ಸ್ವಲ್ಪ ಕಡಿಮೆಯಾಗುವುದು ಸಹಜ ಎಂಬುದನ್ನು ನೆನಪಿನಲ್ಲಿಟ್ಟು ಅಳೆಯಿರಿ.

ಅದೇ ಪರೀಕ್ಷೆಯನ್ನು ಪಂಪಿನ ಹತ್ತಿರ ಯೂನಿಯನ್ ಬಿಚ್ಚಿ ಮಾಡಿ. ಅಲ್ಲಿ ಧಾರಾಳ ಬಂದು ಮೇಲೆ ಕಡಿಮೆಯಾದರೆ ಪೈಪಿನ ದಾರಿಯಲ್ಲಿ ತಡೆ: ಅರ್ಧ ಮುಚ್ಚಿದ ಗೇಟ್‌ವಾಲ್ವ್, ಪೂರ್ತಿ ತೆರೆಯದ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್), ಹಳೆಯ ಜಿಐ ಪೈಪಿನೊಳಗಿನ ತುಕ್ಕು. ಪಂಪಿನ ಬುಡದಲ್ಲೇ ಕಡಿಮೆ ಇದ್ದರೆ ಜಾಲರಿ ಕಟ್ಟಿದೆ, ಇಲ್ಲವೇ ಇಂಪೆಲ್ಲರ್ ಸವೆದಿದೆ. ಮರಳು ಬರುವ ಬಾವಿಯಲ್ಲಿ ಇಂಪೆಲ್ಲರ್ ಬೇಗ ಸವೆಯುತ್ತದೆ. ಫುಟ್‌ವಾಲ್ವನ್ನೋ ಸಬ್‌ಮರ್ಸಿಬಲ್ಲನ್ನೋ ತಳದಿಂದ ಎರಡಡಿ ಮೇಲೆ ನಿಲ್ಲಿಸಿದರೆ ಮರಳೂ ಕೆಸರೂ ಬಹಳ ಮಟ್ಟಿಗೆ ತಗ್ಗುತ್ತವೆ.

ಬೇಸಗೆಯಲ್ಲಿ ಸರಿಯಿತ್ತು, ಮಳೆಗಾಲದಲ್ಲಿ ಟ್ರಿಪ್ ಆಗುತ್ತದೆ

ನೀರು ಮೇಲೆ ಬಂದಿದೆ, ಪಂಪಿಗೆ ಕೆಲಸ ಹಗುರವಾಗಿದೆ, ಹಾಗಿದ್ದೂ ಓವರ್‌ಲೋಡ್ ಏಕೆ ಎಂದು ಜನ ತಲೆ ಕೆರೆದುಕೊಳ್ಳುತ್ತಾರೆ. ಉತ್ತರ ಪಂಪಿನ ಸ್ವಭಾವದಲ್ಲಿದೆ. ಈ ಸೆಂಟ್ರಿಫ್ಯೂಗಲ್ ಪಂಪುಗಳು ಎತ್ತಬೇಕಾದ ಎತ್ತರ ಕಡಿಮೆಯಾದಷ್ಟೂ ಹೆಚ್ಚು ನೀರು ದೂಡುತ್ತವೆ, ಹೆಚ್ಚು ನೀರು ದೂಡಿದಷ್ಟೂ ಹೆಚ್ಚು ಕರೆಂಟು ಎಳೆಯುತ್ತವೆ. 30 ಮೀಟರ್ ಎತ್ತಲೆಂದು ತಯಾರಾದ ಪಂಪು ಶ್ರಾವಣದಲ್ಲಿ 10 ಮೀಟರ್ ಎತ್ತುವಾಗ ಮಿತಿ ಮೀರುತ್ತದೆ. ಪಂಪಿನಿಂದ ಹೊರಗೆ ಹೋಗುವ ಪೈಪಿನ ಗೇಟ್‌ವಾಲ್ವನ್ನು ಸ್ವಲ್ಪ ಮುಚ್ಚಿ ಆಂಪಿಯರ್ ನೋಡಿ, ಇಳಿಯುತ್ತದೆ. ಬೇಸಗೆಗೆ ಮತ್ತೆ ಪೂರ್ತಿ ತೆರೆಯಿರಿ. ಎಳೆಯುವ ಕಡೆಯ ಪೈಪಿನಲ್ಲಿ ಈ ಕೆಲಸ ಮಾಡಬೇಡಿ, ಪಂಪಿನೊಳಗೆ ನೀರು ಕುದಿದಂತಾಗಿ ಜಲ್ಲಿಕಲ್ಲು ಉರುಳಿದ ಸದ್ದು ಬಂದು ಇಂಪೆಲ್ಲರ್ ಹಾಳಾಗುತ್ತದೆ.

ವರ್ಷಕ್ಕೊಮ್ಮೆ ವೈಂಡಿಂಗ್ ಸುಡುತ್ತದೆ

ಒಂದೇ ಪಂಪು ಮತ್ತೆ ಮತ್ತೆ ಸುಟ್ಟರೆ ರಿಪೇರಿಯವರನ್ನು ಬೈಯುವ ಮೊದಲು ಆಯ್ಕೆಯನ್ನೇ ಪರಿಶೀಲಿಸಿ. ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಎಷ್ಟು ಎಚ್‌ಪಿ ಎಂದು. ಕೇಳಬೇಕಾದದ್ದು ಎಷ್ಟು ಎತ್ತರ, ಗಂಟೆಗೆ ಎಷ್ಟು ಲೀಟರ್ ಎಂದು.

ಲೆಕ್ಕ ಹೀಗೆ. ಕರಾವಳಿಯಲ್ಲಿ ಪತ್ತನಾಜೆಯ ಹೊತ್ತಿಗೆ, ಎಂದರೆ ಮೇ ಕೊನೆಯಲ್ಲಿ, ಬಾವಿಯ ನೀರು ನೆಲದಿಂದ 9 ಮೀಟರ್ ಕೆಳಗೆ ಎನ್ನಿ. ನೆಲದಿಂದ ಟ್ಯಾಂಕಿನ ಬಾಯಿಗೆ 7 ಮೀಟರ್. ಒಟ್ಟು 16. ಪೈಪಿನ ಉದ್ದ, ಬೆಂಡುಗಳ ಘರ್ಷಣೆಗೆ 3–4 ಮೀಟರ್ ಸೇರಿಸಿದರೆ 20 ಮೀಟರ್. ಗಂಟೆಗೆ 1800 ಲೀಟರನ್ನು 20 ಮೀಟರ್ ಎತ್ತಲು ನೀರಿಗೆ ಬೇಕಾದ ಶಕ್ತಿ 100 ವ್ಯಾಟ್ ಮಾತ್ರ. ಸಣ್ಣ ಪಂಪಿನ ದಕ್ಷತೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಎಂದುಕೊಂಡರೂ ಅರ್ಧ ಎಚ್‌ಪಿ, ಎಂದರೆ 373 ವ್ಯಾಟ್, ಸಾಕಾಗುತ್ತದೆ. ಇಂಥ ಮನೆಗಳಿಗೆ ಒಂದೂವರೆ ಎಚ್‌ಪಿ ಮಾರಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅದು ಒರತೆಗಿಂತ ವೇಗವಾಗಿ ಬಾವಿಯನ್ನು ಬರಿದು ಮಾಡಿ, ಗಾಳಿ ಎಳೆದು, ಒಣಗಿ ಓಡಿ ಸುಡುತ್ತದೆ.

ಪಂಪಿನ ತಗಡಿನ ಮೇಲೆ ಹೆಡ್ (ಎತ್ತಬಲ್ಲ ಎತ್ತರ) ಎಂದು ಬರೆದ ಎರಡು ಸಂಖ್ಯೆಗಳ ನಡುಭಾಗಕ್ಕೆ ನಿಮ್ಮ 20 ಮೀಟರ್ ಬೀಳಬೇಕು. 6ರಿಂದ 22 ಎಂದು ಬರೆದದ್ದು ತುದಿಗೆ ಬಂತು; 12ರಿಂದ 28 ಒಳ್ಳೆಯದು. ವೋಲ್ಟೇಜಿನ ವ್ಯಾಪ್ತಿಯನ್ನೂ ನೋಡಿ. ಐಎಸ್‌ಐ ಗುರುತಿನ ಜೊತೆ ಮೊನೊಬ್ಲಾಕಿಗೆ ಐಎಸ್ 9079, ಓಪನ್‌ವೆಲ್ ಸಬ್‌ಮರ್ಸಿಬಲ್ಲಿಗೆ ಐಎಸ್ 14220 ಎಂಬ ಸಂಖ್ಯೆ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ನೀರು 9 ಮೀಟರ್ ಕೆಳಗಿರುವುದರಿಂದ ದಡದ ಮೊನೊಬ್ಲಾಕ್ ಆಗದು, ಸಬ್‌ಮರ್ಸಿಬಲ್ ಇಲ್ಲವೇ ಜೆಟ್ ಪಂಪು ಬೇಕು.

ಸಬ್‌ಮರ್ಸಿಬಲ್ ಇಳಿಸುವಾಗ, ನೀರು ತುಂಬುವ ಮಾದರಿಯ ಮೋಟಾರಾದರೆ ಒಳಗೆ ಶುದ್ಧ ನೀರನ್ನು ಗಾಳಿಗುಳ್ಳೆ ಹೋಗುವವರೆಗೂ ತುಂಬಿಸಿ ಪ್ಲಗ್ ಹಾಕಿ. ಪಂಪಿನ ಕೊಂಡಿಗೆ ನೈಲಾನ್ ಹಗ್ಗ ಕಟ್ಟಿ ಇಳಿಸಿ, ಆ ಹಗ್ಗವನ್ನು ಕಟ್ಟೆಯ ಗಟ್ಟಿ ಕಂಬಕ್ಕೆ ಬಿಗಿಯಿರಿ. ಕೇಬಲ್ಲಿನಿಂದ ತೂಗಿಸುವುದೂ ಎಳೆಯುವುದೂ ಬೇಡ. ನೀರೊಳಗೆ ಕೇಬಲ್ ಜೋಡಣೆ ಇಲ್ಲದಷ್ಟು ಉದ್ದದ ಕೇಬಲ್ಲನ್ನೇ ಕೊಳ್ಳಿ. ಮೊದಲ ದಿನವೇ ಬಕೆಟ್ ಪರೀಕ್ಷೆ ಮಾಡಿ, ಸೆಕೆಂಡು, ಆಂಪಿಯರ್, ವೋಲ್ಟೇಜ್ ಮತ್ತು ಬಾವಿಯ ಮಟ್ಟವನ್ನು ತಾರೀಕಿನ ಸಮೇತ ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಬರೆದಿಡಿ. ಮುಂದೆ ಯಾವ ಮೆಕ್ಯಾನಿಕ್ ಬಂದರೂ ಮೊದಲು ಅದನ್ನೇ ತೋರಿಸಿ.